ಆಪ್ತಸಲಹೆ ಪ್ರಕರಣ: ವಾರಾಂತ್ಯ ಬಂದರೆ ಮನೆ ಬಿಡುವ ಸಂಸಾರ

ಹೆಸರು, ವಯಸ್ಸು, ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಗಂಡ ಹೆಂಡತಿ ಇಬ್ಬರೂ ಓದಿ, ಒಪ್ಪಿಗೆ ಕೊಟ್ಟ ಮೇಲೆಯೇ ಇದನ್ನು ಪ್ರಕಟಿಸುತ್ತಿದ್ದೇನೆ.

ವಿದ್ಯಾಗೆ ಮೂವತ್ತಾರು, ಪ್ರಶಾಂತ್‌ಗೆ ಮೂವತ್ತೊಂಬತ್ತು. ಜರ್ಮನಿಯ ಬವೇರಿಯಾ ರಾಜ್ಯದ ಒಂದು ನಗರದಲ್ಲಿ ಇದು ನಾಲ್ಕನೇ ವರ್ಷ. ಪ್ರಶಾಂತ್ ಕಾರು ಕಂಪನಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಂಸ್ಥೆಯೊಂದರಲ್ಲಿ ಎಂಜಿನಿಯರ್, ಬ್ಲೂ ಕಾರ್ಡ್ (ಹೆಚ್ಚು ಓದಿದ ವಿದೇಶಿ ನೌಕರರಿಗೆ ಯುರೋಪ್ ಒಕ್ಕೂಟದ ದೇಶಗಳು ಕೊಡುವ ವಾಸದ ಪರವಾನಗಿ) ಮೇಲೆ ಹೋದವರು. ವಿದ್ಯಾ ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದು, ಅದನ್ನು ಬಿಟ್ಟು ಗಂಡನ ಜೊತೆ ಹೊರಟವರು. ಮಗಳು ಅನ್ವಿ ಒಂದನೇ ತರಗತಿ. ಮೇ ಮಧ್ಯದಲ್ಲಿ ಪ್ರಶಾಂತ್ ಅವರ ಅಪ್ಪ ಅಮ್ಮ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಮೇಲೆ ಬಂದಿಳಿದಿದ್ದರು.

ಜೂನ್ ಕೊನೆಯ ಒಂದು ಶನಿವಾರ ಬೆಳಗ್ಗೆ ಐವರೂ ರೈಲು ನಿಲ್ದಾಣಕ್ಕೆ ಹೋಗಿದ್ದಾರೆ. ಆ ದಿನ ಸ್ವಿಟ್ಜರ್ಲೆಂಡಿನ ಇಂಟರ್ಲಾಕೆನ್, ಮರುದಿನ ಆಲ್ಪ್ಸ್ ಪರ್ವತದ ಮೇಲಿನ ಯುಂಗ್‌ಫ್ರೌಯೋಖ್. ರೈಲು ಬಂತು, ಅತ್ತೆ ಮಾವ ಹತ್ತಿದರು, ಸೂಟ್‌ಕೇಸುಗಳನ್ನೂ ಏರಿಸಿದ್ದಾಯಿತು. ಬೆಂಚಿನ ಮೇಲೆ ಕೂತಿದ್ದ ವಿದ್ಯಾ ಮಾತ್ರ ಏಳಲಿಲ್ಲ. "ನಾನು ಬರಲ್ಲ, ನೀವು ಹೋಗಿ ಬನ್ನಿ" ಎಂದಷ್ಟೇ ಹೇಳಿದರು. ಹಿರಿಯರು ಇಳಿದುಬಂದರು. ರೈಲು ಹೊರಟುಹೋಯಿತು. ಆ ರಾತ್ರಿ ಪ್ರಶಾಂತ್ ಹೆಂಡತಿಗೆ ಹೇಳಿದ್ದು ಒಂದೇ ಮಾತು: "ಅಪ್ಪ ಅಮ್ಮನ ಎದುರಿಗೆ ನನ್ನ ಮಾನ ತೆಗೆದೆ."

ಅದರ ಮುಂದಿನ ವಾರ ವಿದ್ಯಾ ನನಗೆ ಬರೆದರು.

ಇಂಥ ಕರೆ ಬಂದಾಗ ನಾನು ಮೊದಲು ವಿಚಾರಿಸುವುದು ಜಗಳದ ಬಗ್ಗೆ ಅಲ್ಲ. ಮನೆಯಲ್ಲಿ ಹೊಡೆತ ಬಡಿತ ಇದೆಯೇ, ಪಾಸ್‌ಪೋರ್ಟ್ ಯಾರ ಕೈಯಲ್ಲಿದೆ, ಖರ್ಚಿಗೆ ಹಣ ಕೇಳಿ ಪಡೆಯಬೇಕೇ, ಊಟ ನಿದ್ದೆ ಹೇಗಿದೆ, ಬದುಕೇ ಬೇಡ ಅನ್ನಿಸಿದ್ದುಂಟೇ ಎಂದು ಒಬ್ಬರನ್ನೇ ಕೂರಿಸಿ ಕೇಳುತ್ತೇನೆ. ಗಂಡನ ವೀಸಾ ಮೇಲೆ ಹೋದ ಹೆಣ್ಣುಮಕ್ಕಳು ಎಷ್ಟೋ ಸಲ "ನಾನು ಬಾಯಿ ಬಿಟ್ಟರೆ ಊರಿಗೆ ಕಳಿಸಿಬಿಡ್ತಾರೆ" ಎಂಬ ಹೆದರಿಕೆಯಲ್ಲೇ ಇರುತ್ತಾರೆ. ಜರ್ಮನಿಯಲ್ಲಿ ಮದುವೆಯ ಬಾಳು ಮೂರು ವರ್ಷ ಅಲ್ಲೇ ನಡೆದಿದ್ದರೆ ಹೆಂಡತಿಗೆ ಸ್ವಂತವಾಗಿ ವಾಸದ ಪರವಾನಗಿ ಕೇಳುವ ಹಕ್ಕಿದೆ. ಹಿಂಸೆಯಂಥ ಪ್ರಕರಣಗಳಲ್ಲಿ ಆ ಮೂರು ವರ್ಷ ತುಂಬಬೇಕೆಂದೂ ಇಲ್ಲ. ವಿದ್ಯಾ ವಿಷಯದಲ್ಲಿ ಇದರ ಅಗತ್ಯ ಬೀಳಲಿಲ್ಲ. ನಿದ್ದೆ ಕೆಟ್ಟಿತ್ತು, ಯಾವುದರಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ, ಆದರೆ ಅಪಾಯದ ಸೂಚನೆ ಇರಲಿಲ್ಲ.

ಅವರ ದೂರು ಕೇಳಲು ಸಣ್ಣದು: "ಇವರು ಒಂದು ಶನಿವಾರ ಕೂಡ ಮನೇಲಿ ಇರಲ್ಲ ಮೇಡಂ." ಪ್ರಾಗ್, ವೆನಿಸ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್ ಎಲ್ಲ ಮುಗಿದಿತ್ತು. ಶುಕ್ರವಾರ ಸಂಜೆ ಚಪಾತಿ ಬೇಯಿಸಿ ಫಾಯಿಲ್‌ನಲ್ಲಿ ಸುತ್ತುವುದು, ಪುಳಿಯೋಗರೆ ಗೊಜ್ಜು ಬಾಟಲಿಗೆ ತುಂಬುವುದು, ಮಾವನ ಮಾತ್ರೆ ಡಬ್ಬಿ, ಅತ್ತೆಯ ಮಂಡಿಯ ಪಟ್ಟಿ, ಪುಟ್ಟ ರೈಸ್ ಕುಕ್ಕರನ್ನು ಟವೆಲ್ಲಿನಲ್ಲಿ ಸುತ್ತಿ ಸೂಟ್‌ಕೇಸಿನ ತಳಕ್ಕೆ ಇಡುವುದು, ಎಲ್ಲ ಅವರೇ. ಭಾನುವಾರ ರಾತ್ರಿ ವಾಪಸ್. ಅಲ್ಲಿ ಅಪಾರ್ಟ್‌ಮೆಂಟುಗಳಲ್ಲಿ ರಾತ್ರಿ ಹತ್ತರ ನಂತರ ಸದ್ದು ಮಾಡುವಂತಿಲ್ಲ, ಆದ್ದರಿಂದ ವಾಷಿಂಗ್ ಮೆಷಿನ್ ಹಾಕುವುದು ಸೋಮವಾರಕ್ಕೆ. ಸೋಮವಾರ ಅನ್ವಿ ತರಗತಿಯಲ್ಲಿ ಮಂಕಾಗಿ ಕೂರುತ್ತಾಳೆ ಎಂದು ಟೀಚರ್ ಎರಡು ಸಲ ಹೇಳಿಕಳಿಸಿದ್ದರು.

ವಿಡಿಯೊ ಕರೆಯಲ್ಲಿ ನಡೆದ ಎರಡನೇ ಭೇಟಿಯಲ್ಲಿ ವಿದ್ಯಾ ಡ್ರಾಯರಿನಿಂದ ಕೆಲವು ಕಾರ್ಡು ತೆಗೆದು ಕ್ಯಾಮೆರಾಕ್ಕೆ ಹಿಡಿದರು. ಅನ್ವಿಯ ಸಹಪಾಠಿಗಳ ಹುಟ್ಟುಹಬ್ಬದ ಕರೆಯೋಲೆಗಳು. ಒಂದರ ಮೇಲೆ ಕೊಂಬಿರುವ ಕುದುರೆಯ ಚಿತ್ರ, ಅಂಚಿಗೆ ಮಿನುಗುಪುಡಿ ಅಂಟಿಸಿದ್ದು. ಕೆಳಗೆ ಆ ಮಗುವಿನ ಅಮ್ಮನ ಫೋನ್ ನಂಬರು, ಬರುತ್ತೀರೋ ಇಲ್ಲವೋ ಎಂದು ತಿಳಿಸಬೇಕಾದ ತಾರೀಖು. ಎಲ್ಲವೂ ಶನಿವಾರ ಮಧ್ಯಾಹ್ನದವು. ಪ್ರತಿ ಸಲವೂ ಇವರು ಊರಲ್ಲಿ ಇರುತ್ತಿರಲಿಲ್ಲ. "ಸೆಪ್ಟೆಂಬರಿನಲ್ಲಿ ಸ್ಕೂಲ್ ಶುರುವಾದಾಗ ಬಂದವು ಇವು. ಫೆಬ್ರವರಿಯಿಂದ ಈಚೆಗೆ ಒಂದೂ ಬಂದಿಲ್ಲ. ಕರೆಯೋದನ್ನೇ ಬಿಟ್ಟುಬಿಟ್ರು" ಎಂದರು. ಅಷ್ಟು ಹೊತ್ತಿನ ಮಾತುಕತೆಯಲ್ಲಿ ಅವರು ಅತ್ತದ್ದು ಅಲ್ಲಿ ಮಾತ್ರ.

ನನ್ನ ಗಮನ ನಿಂತದ್ದೂ ಅಲ್ಲೇ. ಐಫೆಲ್ ಟವರ್ ನೋಡಿದ ಮಗುವಿಗೆ ಪಕ್ಕದ ಬೀದಿಯಲ್ಲಿ ಒಬ್ಬ ಗೆಳತಿ ಇಲ್ಲ. ಅಮ್ಮನಿಗೆ ಅದೇ ಮೆಟ್ಟಿಲು ಹತ್ತಿಳಿಯುವ ಮನೆಗಳವರ ಹೆಸರು ಗೊತ್ತಿಲ್ಲ. ಪರದೇಶದಲ್ಲಿ ಪರಿಚಯ ಬೆಳೆಯುವುದು ಆಟದ ಮೈದಾನದಲ್ಲಿ, ಹುಟ್ಟುಹಬ್ಬದಲ್ಲಿ, ಮಗುವನ್ನು ಕರೆದೊಯ್ಯಲು ಬಂದ ಇನ್ನೊಬ್ಬ ತಾಯಿಯ ಜೊತೆ ಬಾಗಿಲಲ್ಲಿ ನಿಂತು ಆಡುವ ಹತ್ತು ನಿಮಿಷದ ಮಾತಿನಲ್ಲಿ. ಅವುಗಳಿಗೆ ಸಿಗುವ ಸಮಯ ವಾರಾಂತ್ಯವೇ. ಇವರು ಆ ಸಮಯವನ್ನೆಲ್ಲ ರೈಲಿಗೆ ಕೊಟ್ಟಿದ್ದರು.

ಪ್ರಶಾಂತ್ ಮೊದಲ ಭೇಟಿಗೆ ಬಂದಾಗ ಬಿಗಿದುಕೊಂಡೇ ಇದ್ದರು. ಅವರ ಅಪ್ಪ ತಾಲ್ಲೂಕು ಕೇಂದ್ರವೊಂದರಲ್ಲಿ ಪ್ರಾಥಮಿಕ ಶಾಲೆ ಮೇಷ್ಟ್ರು. ವರ್ಷಕ್ಕೊಮ್ಮೆ ಧರ್ಮಸ್ಥಳ, ಕುಕ್ಕೆ. ಅದೇ ಆ ಮನೆಯವರು ಕಂಡ ಪ್ರವಾಸ. "ಅಪ್ಪ ನಮಗಾಗಿ ಒಂದು ಒಳ್ಳೆ ಚಪ್ಪಲಿ ಕೂಡ ತಗೊಳ್ಳದೆ ಓದಿಸಿದ್ರು. ತೊಂಬತ್ತು ದಿನದ ವೀಸಾ, ಒಂದು ದಿನಾನೂ ವೇಸ್ಟ್ ಆಗಬಾರದು ಅಂತ ನನ್ನಾಸೆ. ಅದು ತಪ್ಪಾ?" ತಪ್ಪಲ್ಲ ಎಂದು ಹೇಳಿದೆ, ಮನಸಾರೆ ಹೇಳಿದೆ. ಆದರೆ ಹಿರಿಯರು ಬಂದದ್ದು ಈ ಮೇನಲ್ಲಿ. ಊರೂರು ಸುತ್ತುವುದು ಅದಕ್ಕಿಂತ ಎರಡು ವರ್ಷ ಮೊದಲೇ ಶುರುವಾಗಿತ್ತು. ಆದ್ದರಿಂದ ಕೇಳಿದೆ: "ಒಂದು ವಾರಾಂತ್ಯ ಮನೆಯಲ್ಲೇ ಇದ್ದರೆ ಏನಾಗುತ್ತೆ?"

"ಮನೇಲಿ ಕೂತು ಏನು ಮಾಡೋದು ಮೇಡಂ? ಭಾನುವಾರ ಅಂಗಡಿ ಕೂಡ ತೆಗೆದಿರಲ್ಲ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ತಲೆ ತಗ್ಗಿಸಿಕೊಂಡೇ ಉಳಿದದ್ದನ್ನು ಹೇಳಿದರು. ಅವರ ಕಂಪನಿಯಲ್ಲಿ ವರ್ಷದಿಂದ ತಂಡಗಳನ್ನು ಕಿರಿದು ಮಾಡುತ್ತಿದ್ದರು. ಅವರ ತಂಡದಲ್ಲೇ ಇಬ್ಬರು ಹೋಗಿದ್ದರು. ಕೆಲಸ ಹೋದರೆ ವಿದೇಶಿಯರ ಕಚೇರಿಗೆ ತಿಳಿಸಿ, ಕೆಲವೇ ತಿಂಗಳಲ್ಲಿ ಇನ್ನೊಂದು ಕೆಲಸ ಹಿಡಿಯಬೇಕು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು ಎಂಬ ಲೆಕ್ಕ ತಲೆಯಲ್ಲಿ ಓಡುತ್ತಲೇ ಇತ್ತು. ಶನಿವಾರ ಮನೆಯಲ್ಲಿದ್ದರೆ ಅದೇ ಯೋಚನೆ. ರೈಲಿನಲ್ಲಿದ್ದರೆ ಮುಂದಿನ ರೈಲು ಯಾವ ಪ್ಲಾಟ್‌ಫಾರ್ಮ್ ಅನ್ನುವುದಷ್ಟೇ ಯೋಚನೆ. "ಹೋಗೋದೇ ಆದ್ರೆ, ಹೋಗೋಕೆ ಮುಂಚೆ ಎಲ್ಲ ನೋಡಿಬಿಡೋಣ ಅಂತ" ಎಂದರು. ಇದರಲ್ಲಿ ಒಂದಕ್ಷರವೂ ವಿದ್ಯಾಗೆ ಗೊತ್ತಿರಲಿಲ್ಲ.

ಹಿರಿಯರ ಒಪ್ಪಿಗೆ ಪಡೆದು ಅವರ ಜೊತೆಯೂ ಸ್ವಲ್ಪ ಮಾತಾಡಿದೆ. ತಾಯಿ ಹೇಳಿದರು: "ಮೊಮ್ಮಗಳು ಸ್ಕೂಲಿಂದ ಬಂದ ಮೇಲೆ ಅವಳ ಜೊತೆ ಕೂತ್ರೆ ಸಾಕು ನಮಗೆ. ಮಗ ಇಷ್ಟು ಖರ್ಚು ಮಾಡಿ ಕರ್ಕೊಂಡು ಹೋಗ್ತಾನೆ, ಬೇಡ ಅನ್ನೋಕೆ ಬಾಯಿ ಬರಲ್ಲ ಕಣಮ್ಮ. ಮಂಡಿ ಮಾತ್ರ ಕೇಳಲ್ಲ ಅನ್ನುತ್ತೆ." ತಂದೆಗೆ ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಯುಂಗ್‌ಫ್ರೌಯೋಖ್ ನಿಲ್ದಾಣ ಇರುವುದು 3,454 ಮೀಟರ್ ಎತ್ತರದಲ್ಲಿ. ಗಾಳಿಯ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು. ಇಂಟರ್ಲಾಕೆನ್‌ನಿಂದ ಸುಮಾರು ಎರಡು ಗಂಟೆಯಲ್ಲಿ ಅಷ್ಟು ಎತ್ತರಕ್ಕೆ ಏರಿಬಿಡುತ್ತೇವೆ, ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಗದು. ಹಳೆಯ ಕಾಯಿಲೆಗಳಿಗೆ ಪ್ರವಾಸ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಷೆಂಗೆನ್ ವೀಸಾಕ್ಕೆ ಕಡ್ಡಾಯವಾದ 30,000 ಯೂರೋ ವಿಮೆ ಇದ್ದ ಮಾತ್ರಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಊರಿನ ಹೃದಯ ವೈದ್ಯರಿಗೆ ಫೋನ್ ಮಾಡಿ ಕೇಳಿ ಎಂದೆ. ವೈದ್ಯರು ಬೇಡ ಎಂದರು. ಆ ಒಂದು ವಿಷಯದ ಚರ್ಚೆ ಅಲ್ಲಿಗೆ ಮುಗಿಯಿತು.

ನಾನು ಕೊಟ್ಟ ಸಲಹೆಯ ಮೊದಲ ಭಾಗ ಪ್ರಶಾಂತ್‌ಗೆ: ಕೆಲಸದ ವಿಷಯ ವಿದ್ಯಾಗೆ ನೀವೇ ಹೇಳಬೇಕು, ನನ್ನ ಬಾಯಿಂದ ಅಲ್ಲ, ಮಗಳು ಮಲಗಿದ ಮೇಲೆ, ಅಪ್ಪ ಅಮ್ಮ ಪಕ್ಕದಲ್ಲಿಲ್ಲದಾಗ. ಮೂರು ದಿನ ಹಿಂದೆ ಮುಂದೆ ನೋಡಿ ಹೇಳಿದರು. ವಿದ್ಯಾ ಸಿಟ್ಟಾದರು. "ಒಂದು ವರ್ಷ ನನ್ನನ್ನ ಊರೂರು ಅಲೆಸಿದ್ರಲ್ಲ, ಇದನ್ನ ಒಂದು ಮಾತು ಹೇಳೋಕಾಗ್ಲಿಲ್ವಾ?" ಆ ಸಿಟ್ಟು ನ್ಯಾಯವಾದದ್ದು, ಅದನ್ನು ತಣ್ಣಗೆ ಮಾಡಲು ನಾನು ಅವಸರ ಮಾಡಲಿಲ್ಲ. ಮುಂದಿನ ಎರಡು ಭೇಟಿ ಬಹುಪಾಲು ಅದಕ್ಕೇ ಹೋಯಿತು.

ಎರಡನೆಯದು ಕಾಗದಪತ್ರದ ವಿಷಯ. ಆಪ್ತಸಲಹೆಗಾರರು ಇದರ ಕಡೆ ನೋಡಬಾರದು ಎಂದು ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಪರದೇಶದಲ್ಲಿ ಇರುವವರ ಅರ್ಧ ಆತಂಕ ಕಾಗದದ ಸುತ್ತಲೇ ಇರುತ್ತದೆ. ಬ್ಲೂ ಕಾರ್ಡ್ ಇದ್ದವರು 27 ತಿಂಗಳು ದುಡಿದು, ಪಿಂಚಣಿ ವಂತಿಗೆ ಕಟ್ಟಿ, ಎ1 ಮಟ್ಟದ (ಮೊದಲ ಹಂತದ) ಜರ್ಮನ್ ಕಲಿತಿದ್ದರೆ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಅದಕ್ಕಿಂತ ಎರಡು ಹಂತ ಮೇಲಿನ ಬಿ1 ಇದ್ದರೆ 21 ತಿಂಗಳು ಸಾಕು. ಅದು ಕೈಗೆ ಬಂದರೆ ನೌಕರಿ ಹೋದ ಕಾರಣಕ್ಕೆ ದೇಶ ಬಿಡಬೇಕಾಗುವುದಿಲ್ಲ. ಪ್ರಶಾಂತ್‌ಗೆ ಅರ್ಹತೆ ಬಂದು ವರ್ಷವಾಗಿತ್ತು. ಅರ್ಜಿ ಹಾಕಿದರೆ "ಇಲ್ಲೇ ಉಳಿಯುತ್ತೇನೆ" ಎಂದು ಅಪ್ಪ ಅಮ್ಮನಿಗೆ ಹೇಳಿದಂತಾಗುತ್ತದೆ ಎಂದು ಮುಟ್ಟಿರಲಿಲ್ಲ. ಪರವಾನಗಿ ಪಡೆದ ಮಾತ್ರಕ್ಕೆ ಅಲ್ಲೇ ಇರಬೇಕೆಂದಿಲ್ಲ, ಹೋಗುವುದಾದರೂ ನಿಮ್ಮ ಇಷ್ಟದಂತೆ ಹೋಗಬಹುದು ಎಂದೆ. ಕಾರಿತಾಸ್, ಡಿಯಾಕೋನಿಯಂಥ ಚರ್ಚುಗಳ ಸೇವಾ ಸಂಸ್ಥೆಗಳು ನಡೆಸುವ ವಲಸಿಗರ ಸಲಹಾ ಕೇಂದ್ರಗಳಲ್ಲಿ ಉಚಿತವಾಗಿ ಮಾಹಿತಿ ಸಿಗುತ್ತದೆ. ಅರ್ಜಿಗೆ ಮುಂಚೆ ಅಲ್ಲಿ ಕೇಳಿಕೊಂಡು ಬನ್ನಿ ಎಂದು ಕಳಿಸಿದೆ.

ವಾಪಸ್ ಹೋಗುವುದೋ ಇರುವುದೋ ಎಂಬ ಪ್ರಶ್ನೆಗೆ ಒಂದು ಗಡುವು ಬೇಕಿತ್ತು. ಅದನ್ನು ಅನ್ವಿಯ ಶಾಲೆಯೇ ಕೊಟ್ಟಿತು. ಬವೇರಿಯಾದಲ್ಲಿ ಪ್ರಾಥಮಿಕ ಶಾಲೆ ನಾಲ್ಕೇ ವರ್ಷ. ನಾಲ್ಕನೇ ತರಗತಿಯಲ್ಲಿ ಜರ್ಮನ್, ಗಣಿತ, ಪರಿಸರ ವಿಷಯಗಳ ಅಂಕ ನೋಡಿ ಮಗು ಯಾವ ಬಗೆಯ ಶಾಲೆಗೆ ಹೋಗಬೇಕೆಂದು ತೀರ್ಮಾನವಾಗುತ್ತದೆ. ಆ ವರ್ಷ ಮಕ್ಕಳ ಮೇಲೆ ಒತ್ತಡ ಬಹಳ. ಮೂರನೇ ತರಗತಿ ಮುಗಿಯುವುದರೊಳಗೆ ನಿರ್ಧಾರ ಮಾಡೋಣ, ಅಲ್ಲಿಯವರೆಗೆ ದಿನಾ ಅದೇ ಚರ್ಚೆ ಬೇಡ ಎಂದು ಇಬ್ಬರೂ ಒಪ್ಪಿದರು.

ಮೂರನೆಯದು ಶನಿವಾರಗಳು. ತಿಂಗಳಲ್ಲಿ ಎರಡು ವಾರಾಂತ್ಯ ಊರು ಬಿಡಬಾರದು, ಅವು ಯಾವುವು ಎನ್ನುವುದನ್ನು ವಿದ್ಯಾ ಆರಿಸಬೇಕು. ಅನ್ವಿಯ ಗೆಳತಿಯೊಬ್ಬಳನ್ನು ಇವರೇ ಮನೆಗೆ ಕರೆಯಬೇಕು. ಕರೆಯೋಲೆ ಬರುವುದು ನಿಂತಿರುವುದರಿಂದ ಮೊದಲ ಹೆಜ್ಜೆ ಇವರದ್ದೇ ಆಗಬೇಕಿತ್ತು. ಹಿರಿಯರ ಉಳಿದ ದಿನಗಳಿಗೆ ಬೆಳಗ್ಗೆ ಹೋಗಿ ಸಂಜೆ ಬರುವ ಜಾಗ ಸಾಕು. ಬಯರ್ನ್ ಟಿಕೆಟ್ ಒಂದರಲ್ಲಿ ಐದು ಜನ ರಾಜ್ಯದ ಲೋಕಲ್ ರೈಲುಗಳಲ್ಲಿ ದಿನವಿಡೀ ಓಡಾಡಬಹುದು, ಗಡಿಯಾಚೆ ಆಸ್ಟ್ರಿಯಾದ ಸಾಲ್ಸ್‌ಬುರ್ಗ್‌ವರೆಗೂ ನಡೆಯುತ್ತದೆ. ಟೆಗರ್ನ್ಸೀ ಸರೋವರದ ದಡದಲ್ಲಿ ಮೇಷ್ಟ್ರು ಮೊಮ್ಮಗಳಿಗೆ ಮಗ್ಗಿ ಹೇಳಿಕೊಟ್ಟು ಕೂತರಂತೆ. ಮಂಡಿಯೂ ತಕರಾರು ಮಾಡಲಿಲ್ಲ.

ವಿದ್ಯಾಗೆ ಹೇಳಿದ್ದು ಬೇರೆ. ಬ್ಲೂ ಕಾರ್ಡ್ ಇರುವವರ ಸಂಗಾತಿಗೆ ಕೆಲಸ ಮಾಡಲು ಯಾವ ಅಡ್ಡಿಯೂ ಇಲ್ಲ, ಅದು ಅವರಿಗೆ ಗೊತ್ತಿತ್ತು. ಭಾಷೆ ಬರದೆ ಯಾರು ಕೊಡುತ್ತಾರೆ ಎಂದು ಕೈಬಿಟ್ಟಿದ್ದರು. ನಗರದ ವಯಸ್ಕರ ಶಿಕ್ಷಣ ಕೇಂದ್ರವಾದ ಫೋಲ್ಕ್ಸ್‌ಹೋಖ್‌ಶೂಲೆಯಲ್ಲಿ ಬೆಳಗಿನ ಜರ್ಮನ್ ತರಗತಿಗೆ ಸೇರಿ ಎಂದೆ. ಜೊತೆಗೆ, ಎರಡು ವರ್ಷದಿಂದ ತವರಿಗೆ ಹೋಗಿರಲಿಲ್ಲ. ರಜೆಯ ಹಣವೆಲ್ಲ ಯುರೋಪು ನೋಡುವುದಕ್ಕೇ ಖರ್ಚಾಗಿತ್ತು. ಅಲ್ಲಿ ಶಾಲೆ ನಡೆಯುವಾಗ ಮಗುವನ್ನು ಮನಸ್ಸಿಗೆ ಬಂದಂತೆ ಬಿಡಿಸುವಂತಿಲ್ಲ. ಅಗ್ಗದ ಟಿಕೆಟ್ಟಿಗಾಗಿ ಎರಡು ದಿನ ಮೊದಲೇ ಹೊರಟವರಿಗೆ ದಂಡ ಬಿದ್ದದ್ದುಂಟು, ವಿಮಾನ ನಿಲ್ದಾಣದಲ್ಲಿ ಪೊಲೀಸರು ವಿಚಾರಿಸಿದ್ದೂ ಉಂಟು. ಬವೇರಿಯಾದ ಬೇಸಿಗೆ ರಜೆ ಆಗಸ್ಟ್ ಆರಂಭದಿಂದ ಸೆಪ್ಟೆಂಬರ್ ಮಧ್ಯದವರೆಗೆ, ಹಿರಿಯರ ವೀಸಾ ಮುಗಿಯುವುದೂ ಆಗಸ್ಟ್ ಎರಡನೇ ವಾರದ ಹೊತ್ತಿಗೆ. ನಾಲ್ವರೂ ಒಟ್ಟಿಗೆ ಹೊರಡಲಿ, ಪ್ರಶಾಂತ್ ಕೊನೆಯ ಎರಡು ವಾರಕ್ಕೆ ಬಂದು ಸೇರಲಿ ಎಂದು ಸೂಚಿಸಿದೆ. ಹಾಗೇ ಮಾಡಿದರು.

ನಿದ್ದೆಯ ತೊಂದರೆ ಹೀಗೇ ಮುಂದುವರಿದರೆ ಅಲ್ಲೇ ವೈದ್ಯರನ್ನು ಕಾಣಬೇಕೆಂದು ವಿದ್ಯಾಗೆ ಬರೆದುಕೊಟ್ಟಿದ್ದೇನೆ. ಜರ್ಮನಿಯಲ್ಲಿರುವ ಇತರ ಓದುಗರಿಗೂ ಇದು ಉಪಯೋಗಕ್ಕೆ ಬಂದೀತು: ಸರ್ಕಾರಿ ಆರೋಗ್ಯ ವಿಮೆ ಇದ್ದವರು 116117ಕ್ಕೆ ಫೋನ್ ಮಾಡಿ ಮನೋಚಿಕಿತ್ಸಕರ ಮೊದಲ ಭೇಟಿಗೆ ಸಮಯ ಕೇಳಬಹುದು. ಮನೆಯಲ್ಲಿ ಹಿಂಸೆ ಎದುರಿಸುತ್ತಿರುವ ಹೆಣ್ಣುಮಕ್ಕಳಿಗೆ 116016, ಹಗಲು ರಾತ್ರಿ, ಇಂಗ್ಲಿಷ್ ಸೇರಿ ಹಲವು ಭಾಷೆಗಳಲ್ಲಿ, ಉಚಿತ. ತುರ್ತಿಗೆ 112.

ಈಗ ಅಕ್ಟೋಬರ್. ಅನ್ವಿ ಎರಡನೇ ತರಗತಿ. ಕಾಯಂ ಪರವಾನಗಿಯ ಅರ್ಜಿ ಕಚೇರಿಯಲ್ಲಿದೆ, ಪ್ರಶಾಂತ್ ಕೆಲಸ ಸದ್ಯಕ್ಕೆ ಉಳಿದಿದೆ. ವಿದ್ಯಾ ಎ2 ತರಗತಿಯಲ್ಲಿದ್ದಾರೆ, ಅಲ್ಲಿ ಪರಿಚಯವಾದ ಇರಾನಿ ಹೆಂಗಸೊಬ್ಬರ ಜೊತೆ ವಾರಕ್ಕೊಮ್ಮೆ ಈಜಲು ಹೋಗುತ್ತಾರೆ. ಪ್ರಶಾಂತ್ ಮೊನ್ನೆ ಯಾರನ್ನೂ ಕೇಳದೆ ಬಾರ್ಸಿಲೋನಾ ಟಿಕೆಟ್ ಬುಕ್ ಮಾಡಿ, ಮತ್ತೆ ಜಗಳವಾಗಿ, ಒಬ್ಬರೇ ಹೋಗಿಬಂದರು. ಒಬ್ಬರೇ ಹೋದದ್ದರಲ್ಲಿ ನನಗೆ ಕೆಟ್ಟದ್ದೇನೂ ಕಾಣಲಿಲ್ಲ. ಕೇಳದೆ ಬುಕ್ ಮಾಡಿದ್ದರ ಬಗ್ಗೆ ಮಾತಾಡಬೇಕಿದೆ. ಬೆಂಗಳೂರಿನ ಫ್ಲ್ಯಾಟಿನ ಸಾಲ, ಪ್ರವಾಸಕ್ಕೆ ವರ್ಷಕ್ಕೆ ಎಷ್ಟು ಎಂಬ ಲೆಕ್ಕ, ಇವೆರಡನ್ನೂ ಒಂದೇ ಹಾಳೆಯ ಮೇಲೆ ಬರೆದುಕೊಂಡು ಬನ್ನಿ ಎಂದು ಮುಂದಿನ ಭೇಟಿಗೆ ಇಬ್ಬರಿಗೂ ಹೇಳಿದ್ದೇನೆ.