ಮೂಟೆ ಹೊತ್ತು ನಿಂತವರ ಕೆಲಸ ಸೊನ್ನೆಯೇ?

ಪ್ರಶ್ನೆ: ಮಗ ಒಂಬತ್ತನೇ ತರಗತಿ. ಮೂಟೆ ಹೊತ್ತು ಸುಮ್ಮನೆ ನಿಂತವರು ಮಾಡುವ ಕೆಲಸ ಸೊನ್ನೆ ಎಂದು ಪಾಠದಲ್ಲಿದೆಯಂತೆ. ನಮ್ಮ ಯಜಮಾನರು ಎಪಿಎಂಸಿಯಲ್ಲಿ ಹಮಾಲಿ ಮಾಡುತ್ತಾರೆ. ಲಾರಿ ಹಿಂದೆ ಬರುವವರೆಗೆ ಮೂಟೆ ಹೊತ್ತು ಕಾಯುವುದೇ ಎಲ್ಲಕ್ಕಿಂತ ಕಷ್ಟ ಎನ್ನುತ್ತಾರೆ. ಕೆಲಸವೇ ಆಗದಿದ್ದರೆ ಶಕ್ತಿ ಖರ್ಚಾಗುವುದು ಹೇಗೆ?

ಉತ್ತರ: ನಿಮ್ಮ ಯಜಮಾನರು ಹೇಳುವುದೂ ಸರಿ, ಪಾಠವೂ ಸರಿ. ಆದರೆ ಪಾಠ ಅರ್ಧ ಮಾತು ಹೇಳಿ ಸುಮ್ಮನಾಗಿದೆ. ಭೌತವಿಜ್ಞಾನದಲ್ಲಿ ‘ಕೆಲಸ ಆಯಿತು’ ಎಂದಷ್ಟೇ ಹೇಳಿದರೆ ಸಾಲದು. ಯಾವ ಬಲ, ಯಾವ ವಸ್ತುವಿನ ಮೇಲೆ ಎಂಬುದನ್ನೂ ಹೇಳಬೇಕು. ‘ಮೂಟೆಯ ಮೇಲೆ ಆದ ಕೆಲಸ ಸೊನ್ನೆ’ ಎಂದು ಬರೆದಿದ್ದರೆ ನಿಮಗೆ ಈ ಪತ್ರ ಬರೆಯುವ ಅಗತ್ಯವೇ ಬರುತ್ತಿರಲಿಲ್ಲ.

ಲೆಕ್ಕ ನೋಡೋಣ. ಬಲವನ್ನು, ಆ ಬಲದ ದಿಕ್ಕಿನಲ್ಲಿ ವಸ್ತು ಸರಿದ ದೂರದಿಂದ ಗುಣಿಸಿದರೆ ಸಿಗುವುದೇ ಕೆಲಸ; ಅದನ್ನೂ ಶಕ್ತಿಯನ್ನೂ ಅಳೆಯುವ ಮಾನ ಜೂಲ್. ಮೂಟೆಯ ತೂಕದ ಬಲ ಸಿಗಲು ಕಿಲೊವನ್ನು 9.8ರಿಂದ ಗುಣಿಸಬೇಕು. 50 ಕಿಲೊ ಮೂಟೆಯನ್ನು ನೆಲದಿಂದ 1.4 ಮೀಟರ್ ಎತ್ತರದ ಹೆಗಲಿಗೆ ಏರಿಸಿದರೆ ಅದರ ಮೇಲೆ ಆಗುವ ಕೆಲಸ 50 × 9.8 × 1.4, ಅಂದರೆ 686 ಜೂಲ್. ಅಷ್ಟೇ ಶಕ್ತಿ ಪ್ರಚ್ಛನ್ನ ಶಕ್ತಿಯಾಗಿ, ಅಂದರೆ ಎತ್ತರದಲ್ಲಿರುವುದರಿಂದ ಕೂಡಿಟ್ಟ ಶಕ್ತಿಯಾಗಿ, ಮೂಟೆಯ ಖಾತೆಗೆ ಜಮೆಯಾಗುತ್ತದೆ. ಕೆಲಸಕ್ಕೂ ಶಕ್ತಿಗೂ ಇರುವ ನಂಟು ಇದೇ: ಶಕ್ತಿ ಎಂದರೆ ಖಾತೆಯಲ್ಲಿರುವ ಹಣ, ಕೆಲಸ ಎಂದರೆ ವರ್ಗಾವಣೆ. ಹೆಗಲೇರಿದ ಮೂಟೆ ಅಲ್ಲಾಡದೆ ಕುಳಿತಿದ್ದರೆ ಅದರ ಖಾತೆಗೆ ಇನ್ನೊಂದು ಜೂಲ್ ಕೂಡ ಸೇರುವುದಿಲ್ಲ, ಹತ್ತು ನಿಮಿಷ ಕಾದರೂ ಅಷ್ಟೇ.

ಹಾಗಾದರೆ ಬೆವರು ಎಲ್ಲಿಂದ ಬಂತು? ಮೇಜಿನ ಮೇಲೆ ಮೂಟೆ ಇಟ್ಟರೆ ಮೇಜು ವರ್ಷಗಟ್ಟಲೆ ದಣಿಯದೆ ಹೊರುತ್ತದೆ. ಸ್ನಾಯು ಮೇಜಿನಂತಲ್ಲ. ಅದರೊಳಗೆ ಮಯೋಸಿನ್ ಎಂಬ ಪ್ರೋಟೀನಿನ ಸಣ್ಣ ಸಣ್ಣ ತಲೆಗಳು ಆಕ್ಟಿನ್ ಎಂಬ ಎಳೆಯನ್ನು ಹಿಡಿದು ಜಗ್ಗುತ್ತವೆ, ಬಿಡುತ್ತವೆ, ಮತ್ತೆ ಹಿಡಿಯುತ್ತವೆ. ಒಂದೊಂದು ಸುತ್ತಿಗೂ ಜೀವಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚು. ಹೊರಗಿನಿಂದ ನೋಡಿದರೆ ತೋಳು ನಿಶ್ಚಲ, ಒಳಗೆ ಜಗ್ಗಾಟ ನಿಲ್ಲುವುದೇ ಇಲ್ಲ. ಈ ಜಗ್ಗಾಟದಲ್ಲಿ ಖರ್ಚಾದ ಶಕ್ತಿ ಮೂಟೆಗೆ ತಲುಪದೆ ಶಾಖವಾಗಿ ಮೈಯಲ್ಲೇ ಉಳಿಯುತ್ತದೆ. ಅದನ್ನು ಹೊರಹಾಕಲು ಬೆವರು. ದಣಿದ ಕೈ ನಡುಗುವುದನ್ನು ಕಂಡಿರುತ್ತೀರಿ. ಒಳಗಿನ ಗದ್ದಲ ಆಗ ಕಣ್ಣಿಗೇ ಬೀಳುತ್ತದೆ. ಸಿಂಪಿಯಂತಹ ಚಿಪ್ಪಿನ ಜೀವಿಗಳಿಗೆ ಈ ಕಷ್ಟವಿಲ್ಲ. ಅವುಗಳಲ್ಲಿ ಒಮ್ಮೆ ಬಿಗಿದರೆ ಹೆಚ್ಚಿನ ಖರ್ಚಿಲ್ಲದೆ ಗಂಟೆಗಟ್ಟಲೆ ಬಿಗಿಯಾಗಿಯೇ ಇರುವ ಬೇರೆ ಬಗೆಯ ಸ್ನಾಯುವಿದೆ. ಹಮಾಲರಿಗೆ ಆ ಭಾಗ್ಯವಿಲ್ಲ.

ಇನ್ನೊಂದು ಲೆಕ್ಕ ನಿಮ್ಮ ಮಗನಿಗೆ ಕೊಡಿ. ದಿನಕ್ಕೆ ನೂರು ಮೂಟೆಯನ್ನು ಹೆಗಲಿಗೇರಿಸಿದರೆ ಮೂಟೆಗಳಿಗೆ ಸೇರುವುದು 68,600 ಜೂಲ್. ಒಂದು ಸಾಧಾರಣ ಇಡ್ಲಿಯಲ್ಲಿ ಸುಮಾರು 40 ಕಿಲೊಕ್ಯಾಲೊರಿ, ಅಂದರೆ 1,67,000 ಜೂಲ್ ಇರುತ್ತದೆ. ನೂರು ಮೂಟೆಗೆ ಅರ್ಧ ಇಡ್ಲಿಯೂ ಬೇಡ! ಸ್ನಾಯು ತಾನು ಬಳಸಿದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗವನ್ನಷ್ಟೇ ಹೊರಗಿನ ಕೆಲಸವಾಗಿಸುತ್ತದೆ ಎಂದು ಸೇರಿಸಿಕೊಂಡರೂ ಎರಡು ಇಡ್ಲಿಯೊಳಗೆ ಮುಗಿಯಿತು. ಅಷ್ಟು ತಿಂದು ಹಮಾಲಿ ಮಾಡಿ ಎಂದರೆ ನಿಮ್ಮ ಯಜಮಾನರು ಜಗಳಕ್ಕೇ ಬಂದಾರು, ಬರಲೂಬೇಕು. ಪ್ರತಿ ಸಲ ಬಗ್ಗಿ ಏಳುವಾಗ ಎತ್ತುವ ಸ್ವಂತ ಮೈಭಾರ, ನಡಿಗೆ, ಮೂಟೆ ಹೊತ್ತು ಕಾಯುವ ಹೊತ್ತು, ಉಸಿರಾಟ, ಎದೆಬಡಿತ ಯಾವುದೂ ಮೂಟೆಯ ಲೆಕ್ಕದಲ್ಲಿ ಕಾಣುವುದಿಲ್ಲ. ಮೂಟೆಗೆ ಸಿಕ್ಕಿದ್ದನ್ನು ನೋಡಿ ಹೊತ್ತವರ ದಣಿವನ್ನು ಅಳೆಯುವಂತಿಲ್ಲ.

ಪ್ರಶ್ನೆ: ಬೈಕಿನ ವೇಗ ಎರಡರಷ್ಟಾದರೆ ಬ್ರೇಕ್ ಹಾಕಿದ ಮೇಲೆ ಓಡುವ ದೂರ ನಾಲ್ಕರಷ್ಟಾಗುತ್ತದೆ ಎಂದು ಚಾಲನಾ ತರಬೇತಿಯಲ್ಲಿ ಹೇಳಿದರು. ಎರಡರಷ್ಟೇ ಏಕಲ್ಲ?

ಉತ್ತರ: ಓಡುವ ವಸ್ತುವಿನಲ್ಲಿರುವ ಚಲನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಬೈಕು, ಸವಾರ ಸೇರಿ 200 ಕಿಲೊ ಎನ್ನಿ. ಗಂಟೆಗೆ 40 ಕಿಲೊಮೀಟರ್ ವೇಗದಲ್ಲಿ ಸುಮಾರು 12,300 ಜೂಲ್, 80ರಲ್ಲಿ ಸುಮಾರು 49,400. ಬೈಕು ನಿಲ್ಲಬೇಕಾದರೆ ತಡೆಬಲ ಇದಷ್ಟನ್ನೂ ಕೆಲಸದ ಮೂಲಕ ಕಿತ್ತುಕೊಳ್ಳಬೇಕು. ತಡೆಬಲ 1,200 ನ್ಯೂಟನ್‌ನಲ್ಲಿ ಸ್ಥಿರವಾಗಿದ್ದರೆ ಮೊದಲ ಸಲ ಸುಮಾರು 10 ಮೀಟರ್ ಸಾಕು, ಎರಡನೆಯ ಸಲ 41 ಬೇಕು. ಡಿಸ್ಕ್ ಕೈ ಸುಡುವಷ್ಟು ಕಾಯುವುದು ಈ ಜೂಲ್‌ಗಳಿಂದಲೇ. ಬ್ರೇಕಿಗೆ ಕೈ ಹೋಗುವ ಮುನ್ನ ಕಳೆಯುವ ಒಂದು ಸೆಕೆಂಡಿನಲ್ಲಿ 80ರ ವೇಗದ ಬೈಕು ಇನ್ನೂ 22 ಮೀಟರ್ ಓಡಿರುತ್ತದೆ, ಅದು ಬೇರೆ.

ಈ ವರ್ಗದ ಸಂಬಂಧಕ್ಕೆ ಸಾಕ್ಷಿ ಹಳೆಯದು. 1720ರ ದಶಕದಲ್ಲಿ ಹಾಲೆಂಡಿನ ವಿಜ್ಞಾನಿ ವಿಲ್ಲೆಮ್ ಸ್ಗ್ರಾವೆಸಾಂಡೆ ಮೆದು ಜೇಡಿಮಣ್ಣಿನ ಮೇಲೆ ಹಿತ್ತಾಳೆ ಗುಂಡುಗಳನ್ನು ಬೀಳಿಸಿದರು. ಎರಡರಷ್ಟು ವೇಗದ ಗುಂಡು ಮಣ್ಣಿನಲ್ಲಿ ಮಾಡಿದ ಗುಳಿ ನಾಲ್ಕರಷ್ಟಿತ್ತು. ಆ ಪ್ರಯೋಗದ ಮಹತ್ವವನ್ನು ಫ್ರಾನ್ಸಿನಲ್ಲಿ ಎತ್ತಿಹಿಡಿದವರು ಗಣಿತಜ್ಞೆ ಎಮಿಲಿ ದು ಶಾತಲೆ. ಬಲವನ್ನು ದೂರದಿಂದ ಗುಣಿಸಿದ್ದೇ ಕೆಲಸ ಎಂದು ಫ್ರೆಂಚ್ ವಿಜ್ಞಾನಿ ಗಾಸ್ಪಾರ್ ಕೊರಿಯೊಲಿಸ್ ಹೆಸರಿಟ್ಟದ್ದು ಶತಮಾನ ಕಳೆದು, 1829ರಲ್ಲಿ.

ಪ್ರಶ್ನೆ: ಜೋಗದಲ್ಲಿ ಬಿದ್ದ ನೀರಿನ ಶಕ್ತಿ ತಳ ಮುಟ್ಟಿದ ಮೇಲೆ ಎಲ್ಲಿಗೆ ಹೋಗುತ್ತದೆ?

ಉತ್ತರ: ತುಸು ಸದ್ದಿಗೆ, ಬಹುಪಾಲು ಶಾಖಕ್ಕೆ. 253 ಮೀಟರ್ ಬಿದ್ದ ನೀರು ತನ್ನ ಶಕ್ತಿಯನ್ನೆಲ್ಲ ತಾನೇ ಇಟ್ಟುಕೊಂಡರೂ ಬೆಚ್ಚಗಾಗುವುದು 0.6 ಡಿಗ್ರಿ ಸೆಲ್ಸಿಯಸ್ ಮಾತ್ರ. ತುಂತುರು ಆವಿಯಾಗುತ್ತ ನೀರನ್ನು ತಂಪು ಮಾಡುವುದರಿಂದ ಥರ್ಮಾಮೀಟರ್ ಹಿಡಿದು ಇಳಿದರೆ ಅದೂ ಕಾಣಲಿಕ್ಕಿಲ್ಲ. ಅದೇ ನೀರನ್ನು ಅಷ್ಟೇ ಎತ್ತರದಿಂದ ಕೊಳವೆಯಲ್ಲಿ ಇಳಿಸಿ ಟರ್ಬೈನ್ ತಿರುಗಿಸಿದರೆ, ಏನೂ ಪೋಲಾಗದಿದ್ದ ಪಕ್ಷದಲ್ಲಿ, ಸುಮಾರು 1,450 ಲೀಟರಿಗೆ ಒಂದು ಯೂನಿಟ್ ವಿದ್ಯುತ್ ಸಿಗುತ್ತದೆ. ಮನೆಯ 2,000 ವಾಟ್ ಗೀಸರ್ ಅದನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತದೆ.