ಕರೆಂಟ್ ಹೋದ ಮೇಲೆ ಮೀನಿನ ತೊಟ್ಟಿ

ಪ್ರಶ್ನೆ: ಮನೆಯಲ್ಲಿ 100 ಲೀಟರಿನ ಅಕ್ವೇರಿಯಂ ಇದೆ. ಚಂಡಮಾರುತದ ಮುನ್ಸೂಚನೆ ಬಂದಿದೆ, ಎರಡು ದಿನವಾದರೂ ಕರೆಂಟ್ ಇರಲಾರದು. ಮೀನುಗಳ ಊಟಕ್ಕೆ, ಹೀಟರಿಗೆ ಏನು ವ್ಯವಸ್ಥೆ ಮಾಡಿಕೊಳ್ಳಲಿ?

ಉತ್ತರ: ಊಟದ ಚಿಂತೆ ಬಿಡಿ. ಬೆಳೆದ, ಆರೋಗ್ಯವಾಗಿರುವ ಮೀನು ಒಂದು ವಾರ ಉಪವಾಸ ಇದ್ದರೂ ಏನೂ ಆಗುವುದಿಲ್ಲ. ಗಾಳಿ ಏಳುವ ಹಿಂದಿನ ದಿನವೇ ತಿಂಡಿ ಹಾಕುವುದನ್ನು ನಿಲ್ಲಿಸಿ. ತಿಂದಷ್ಟೂ ಹಿಕ್ಕೆ, ಹಿಕ್ಕೆಯಿಂದ ಮೀನಿಗೆ ವಿಷವಾಗುವ ಅಮೋನಿಯಾ. ಹೀಟರಿನ ಬದಲು ತೊಟ್ಟಿಗೆ ಕಂಬಳಿ ಸುತ್ತಿ, ಮೇಲ್ಭಾಗ ಮಾತ್ರ ತೆರೆದಿರಲಿ. ಅಷ್ಟು ನೀರು ನಿಧಾನವಾಗಿಯೇ ತಣಿಯುತ್ತದೆ.

ಮೀನು ಸಾಯುವುದು ಉಸಿರು ಸಿಗದೆ. ನೀರಿಗೆ ಆಮ್ಲಜನಕ ಸೇರುವುದು ಮೇಲ್ಮೈಯಿಂದ. ಮೇಲ್ಮೈ ಕಲಕುವುದು ನಿಂತರೆ ಒಳಬರುವುದು ತೀರಾ ಕಡಿಮೆಯಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಹೆಚ್ಚೆಂದರೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲದು, ಬಿಸಿ ಏರಿದಷ್ಟೂ ಅದು ಇಳಿಯುತ್ತದೆ. ಮೀನು ಕಿಕ್ಕಿರಿದ ತೊಟ್ಟಿಯಲ್ಲಿ ಕೆಲವೇ ಗಂಟೆಗಳಲ್ಲಿ ಅವು ಮೇಲೆ ಬಂದು ಬಾಯಿ ಬಡಿಯತೊಡಗುತ್ತವೆ.

ಹಾಗಾಗಿ ಮೊದಲು ಕೊಳ್ಳಬೇಕಾದ್ದು ಯುಎಸ್‌ಬಿಯಿಂದ ನಡೆಯುವ ಏರ್ ಪಂಪ್. 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಹೆಸರಿಗೆ 37 ವ್ಯಾಟ್-ಅವರ್ ಇರುತ್ತದೆ, ಸೋರಿಕೆ ಕಳೆದು 25ರಷ್ಟು ಕೈಗೆ ಸಿಗುತ್ತದೆ ಎಂದುಕೊಳ್ಳಿ. ಒಂದೂವರೆ ವ್ಯಾಟ್ ಪಂಪಿಗೆ ಅದು ಹದಿನಾರು ಗಂಟೆ ಬರುತ್ತದೆ. ಅರ್ಧ ಗಂಟೆ ಓಡಿಸಿ ಅರ್ಧ ಗಂಟೆ ನಿಲ್ಲಿಸಿದರೆ ದುಪ್ಪಟ್ಟು. ಪಂಪು ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಕೊಳವೆಗೆ ನಾನ್-ರಿಟರ್ನ್ ವಾಲ್ವ್ ಹಾಕಲೇಬೇಕು. ಇಲ್ಲವಾದರೆ ಪಂಪು ನಿಂತಾಗ ನೀರು ಅದೇ ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪನ್ನೂ ನೆಲವನ್ನೂ ತೋಯಿಸುತ್ತದೆ. ಪಂಪಿನ ತುದಿಗೆ ಸ್ಪಾಂಜ್ ಫಿಲ್ಟರ್ ಸಿಕ್ಕಿಸಿ, ಅದನ್ನು ಒಂದು ತಿಂಗಳು ಮೊದಲೇ ತೊಟ್ಟಿಯಲ್ಲಿ ಓಡಿಸಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಸಿಟ್ಟಿದ್ದರೆ ಉಸಿರು, ಶುದ್ಧೀಕರಣ ಎರಡೂ ಒಂದೇ ಪಂಪಿನಿಂದ ಆಗುತ್ತವೆ. ಏನೂ ಇಲ್ಲದಿದ್ದರೆ ಚೊಂಬೇ ಗತಿ: ಗಂಟೆಗೊಮ್ಮೆ ಐದು ನಿಮಿಷ ನೀರು ಮೊಗೆದು ಒಂದು ಗೇಣು ಎತ್ತರದಿಂದ ಸುರಿಯಿರಿ.

ಎರಡು ದಿನ ಮುಂಚೆ ಕಾಲುಭಾಗ ನೀರು ಬದಲಿಸಿ. ಆದರೆ ಅದೇ ಹುರುಪಿನಲ್ಲಿ ಫಿಲ್ಟರ್ ತೊಳೆಯಬೇಡಿ, ಅದರಲ್ಲಿರುವ ಆ ಬ್ಯಾಕ್ಟೀರಿಯಾ ಹೋಗಿಬಿಡುತ್ತವೆ. ಕ್ಲೋರಿನ್ ತೆಗೆದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಡಿ. ನೆರೆಯ ನಂತರ ನಲ್ಲಿ ನೀರಿಗೆ ಕ್ಲೋರಿನ್ ಹೆಚ್ಚು ಹಾಕುವುದುಂಟು.

ಪ್ರಶ್ನೆ: ಹೊರಗಿಡುವ ಕ್ಯಾನಿಸ್ಟರ್ ಫಿಲ್ಟರ್ ಬಳಸುತ್ತೇನೆ. ಕರೆಂಟ್ ಬಂದ ಕೂಡಲೇ ತಾನೇ ಚಾಲೂ ಆದರೆ ತೊಂದರೆಯೇ?

ಉತ್ತರ: ತೊಂದರೆಯೇ. ಮುಚ್ಚಿದ ಡಬ್ಬಿಯೊಳಗಿನ ಬ್ಯಾಕ್ಟೀರಿಯಾಗಳು ಅಲ್ಲಿದ್ದ ಆಮ್ಲಜನಕವನ್ನು ಬೇಗ ಮುಗಿಸಿ ಸಾಯತೊಡಗುತ್ತವೆ. ಆ ಕೊಳೆತ ನೀರು ಒಮ್ಮೆಲೇ ತೊಟ್ಟಿಗೆ ಬಂದು, ಕತ್ತಲಲ್ಲಿ ಬದುಕುಳಿದ ಮೀನು ಬೆಳಕು ಬಂದ ಮೇಲೆ ಸಾಯುತ್ತದೆ. ಕರೆಂಟ್ ಹೋದೊಡನೆ ಪ್ಲಗ್ ಕಿತ್ತಿಡಿ. ಒಂದೆರಡು ಗಂಟೆ ಮೀರಿದರೆ ಡಬ್ಬಿಯ ನೀರು ಚೆಲ್ಲಿ, ಸ್ಪಾಂಜು ಮತ್ತು ಸೆರಾಮಿಕ್ ಉಂಗುರಗಳನ್ನು ಅಗಲ ಪಾತ್ರೆಯಲ್ಲಿ ತೊಟ್ಟಿಯ ನೀರಿನಲ್ಲೇ ನೆನೆಯಿಟ್ಟು ಗಾಳಿಗೆ ಬಿಡಿ. ಹೀಟರಿನ ಪ್ಲಗ್ಗನ್ನೂ ತೆಗೆದಿರಬೇಕು. ನೀರು ಇಳಿದು ಹೊರಗೆ ನಿಂತ ಹೀಟರ್ ಕರೆಂಟ್ ಬಂದಾಗ ಕಾದು ಸಿಡಿಯುತ್ತದೆ.

ಪ್ರಶ್ನೆ: ಮನೆ ಖಾಲಿ ಮಾಡಿ ಎಂದು ಆದೇಶ ಬಂದರೆ ಸ್ವಲ್ಪ ನೀರು ಉಳಿಸಿಕೊಂಡು ತೊಟ್ಟಿಯನ್ನೇ ಕಾರಿನಲ್ಲಿ ಒಯ್ಯಬಹುದೇ?

ಉತ್ತರ: ಬೇಡ. ಗಾಜು ಒಂದಿಷ್ಟು ತಿರುಚಿದರೂ ಸಿಲಿಕೋನ್ ಬೆಸುಗೆ ಬಿಡುತ್ತದೆ. ಮುಚ್ಚಳವಿರುವ 20 ಲೀಟರ್ ಬಕೆಟಿಗೆ ತೊಟ್ಟಿಯದೇ ನೀರು ಅರ್ಧ ತುಂಬಿ, ಮುಚ್ಚಳದಲ್ಲಿ ತೂತು ಮಾಡಿ ಏರ್ ಪಂಪಿನ ಕೊಳವೆ ತೂರಿಸಿ. ಬಣ್ಣ, ಸೋಪು ಕಂಡ ಬಕೆಟ್ ಬಳಸಬೇಡಿ. ಕಚ್ಚಾಡುವ ಮೀನುಗಳಿಗೆ ಬೇರೆ ಬಕೆಟ್.

ಪಾಲಿಥೀನ್ ಚೀಲವಾದರೆ ಮೂರರಲ್ಲಿ ಒಂದು ಪಾಲು ನೀರು, ಎರಡು ಪಾಲು ಗಾಳಿ. ಬಾಯಿಂದ ಊದಬೇಡಿ. ಒಂದರೊಳಗೊಂದು ಚೀಲ ಹಾಕಿ, ಮೂಲೆಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ, ಇಲ್ಲವಾದರೆ ಸಣ್ಣ ಮೀನು ಅಲ್ಲಿ ಸಿಕ್ಕಿ ಜಜ್ಜಿಹೋಗುತ್ತದೆ. ಕ್ಯಾಟ್‌ಫಿಶ್ ಮುಳ್ಳು ಚೀಲ ಹರಿಯುವುದರಿಂದ ಅವಕ್ಕೆ ಡಬ್ಬಿಯೇ ಸರಿ. ಬೆಟ್ಟಾ, ಗೌರಾಮಿ ಮೇಲೆ ಬಂದು ಗಾಳಿ ನುಂಗುತ್ತವೆ, ನೀರಿನ ಮೇಲೆ ಜಾಗ ಬಿಡಿ. ಎಲ್ಲವನ್ನೂ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಇಡಿ. ಕತ್ತಲಲ್ಲಿ ಮೀನಿನ ಗಾಬರಿ ಕಡಿಮೆ.

ಮೀನು ತಲುಪಿದ ಮೇಲೆ ಹಲವರು ಎಡವುವ ಒಂದು ಜಾಗವಿದೆ. ಗಂಟೆಗಟ್ಟಲೆ ಕಟ್ಟಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ಕೂಡಿ ನೀರು ಹುಳಿಯಾಗಿರುತ್ತದೆ. ಆ ಹುಳಿಯಲ್ಲಿ ಅಮೋನಿಯಾದ ಹೆಚ್ಚು ಪಾಲು ನಿರಪಾಯಕಾರಿ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದಾಗ ಡೈಆಕ್ಸೈಡ್ ಹಾರಿಹೋಗಿ ಹುಳಿ ತಗ್ಗುತ್ತದೆ (ಪಿಎಚ್ ಏರುತ್ತದೆ), ಅದೇ ಅಮೋನಿಯಾ ವಿಷವಾಗುತ್ತದೆ. ಆದ್ದರಿಂದ ಮುಚ್ಚಿದ ಚೀಲವನ್ನೇ ಹೊಸ ನೀರಿನಲ್ಲಿ 15–20 ನಿಮಿಷ ತೇಲಿಸಿ ತಾಪ ಸರಿಹೊಂದಿಸಿ, ಆಮೇಲೆ ಬಿಚ್ಚಿ ತಡಮಾಡದೆ ಮೀನನ್ನಷ್ಟೇ ಬಲೆಯಲ್ಲಿ ಎತ್ತಿ ಬಿಡಿ. ಚೀಲದ ನೀರನ್ನು ಚೆಲ್ಲಿಬಿಡಿ.

ಪ್ರಶ್ನೆ: ದೊಡ್ಡ ಮೀನು, ಒಯ್ಯಲು ಸಾಧ್ಯವೇ ಇಲ್ಲ. ಹತ್ತಿರದ ಕೆರೆಗೆ ಬಿಡಲೇ?

ಉತ್ತರ: ಖಂಡಿತ ಬೇಡ. ಸಾಕಿದ ಮೀನು ಅಲ್ಲಿ ಸಾಯಬಹುದು, ಬದುಕಿದರೆ ಕೆರೆಯ ಮೀನುಗಳಿಗೆ ಕುತ್ತು. ತೊಟ್ಟಿಯಲ್ಲೇ ಇರಲಿ: ಪವರ್ ಬ್ಯಾಂಕಿನ ಪಂಪು ನೆಲದಿಂದ ಮೇಲೆ, ಮುಚ್ಚಳ ಭದ್ರ, ಮೇನ್ ಸ್ವಿಚ್ ಆಫ್. ಮರಳಿದಾಗ ನೆಲ ಒದ್ದೆಯಿದ್ದರೆ ವೈರಿಂಗ್ ಪರೀಕ್ಷಿಸುವ ತನಕ ತೊಟ್ಟಿಯ ನೀರಿಗೆ ಕೈ ಹಾಕಬೇಡಿ.