ಉಪ್ಪುನೀರಿನ ಬ್ಯಾಕ್ಟೀರಿಯಗಳಿಂದ ಉಪಯೋಗವೇನು?

ಪ್ರಶ್ನೆ: ಕಡಲಿಗಿಂತ ಹೆಚ್ಚು ಉಪ್ಪಿರುವ ಸರೋವರಗಳಲ್ಲಿ ಸೂಕ್ಷ್ಮಜೀವಿಗಳು ಬದುಕುವುದು ಹೇಗೆ? ಅವುಗಳಿಂದ ಉದ್ಯಮಕ್ಕೆ ಪ್ರಯೋಜನವಿದೆಯೇ?

ಉತ್ತರ: ಹೊರಗಿನ ಉಪ್ಪು ಜೀವಕೋಶದೊಳಗಿನ ನೀರನ್ನು ಹೀರಿಬಿಡದಂತೆ ಇಂತಹ ಅನೇಕ ಬ್ಯಾಕ್ಟೀರಿಯಗಳು ತಮ್ಮೊಳಗೆ ಎಕ್ಟೋಯಿನ್ ಎಂಬ ಸಣ್ಣ ಅಣುವನ್ನು ತುಂಬಿಕೊಳ್ಳುತ್ತವೆ. ಈಜಿಪ್ಟಿನ ವಾದಿ ನತ್ರೂನ್ ಸರೋವರಗಳ ಬ್ಯಾಕ್ಟೀರಿಯವೊಂದರಲ್ಲಿ ಇದು ಪತ್ತೆಯಾದ ವಿವರ 1985ರಲ್ಲಿ ಪ್ರಕಟವಾಯಿತು. ಉತ್ಪಾದನೆಯ ವಿಧಾನವಂತೂ ನಿಜಕ್ಕೂ ಮೆಚ್ಚುವಂಥದ್ದು: ಹ್ಯಾಲೊಮೊನಾಸ್ ಎಲಾಂಗಾಟ ಎಂಬ ಬ್ಯಾಕ್ಟೀರಿಯವನ್ನು ಸುಮಾರು ಶೇ 10ರಷ್ಟು ಉಪ್ಪಿರುವ ದ್ರಾವಣದಲ್ಲಿ ಬೆಳೆಸಿ, ಬಳಿಕ ಉಪ್ಪನ್ನು ಥಟ್ಟನೆ ಶೇ 3ಕ್ಕೆ ಇಳಿಸಿದರೆ, ಒಳನುಗ್ಗುವ ನೀರಿನ ಒತ್ತಡದಿಂದ ಪಾರಾಗಲು ಜೀವಕೋಶವು ಎಕ್ಟೋಯಿನನ್ನು ಹೊರಚೆಲ್ಲುತ್ತದೆ, ಅದನ್ನು ಸೋಸಿ ತೆಗೆದು, ಅವೇ ಬ್ಯಾಕ್ಟೀರಿಯಗಳನ್ನು ಪುನಃ ಹೆಚ್ಚು ಉಪ್ಪಿನ ದ್ರಾವಣಕ್ಕೆ ಹಾಕಿ, ಹಸುವಿನಿಂದ ಹಾಲು ಕರೆದಂತೆ ಮತ್ತೆ ಮತ್ತೆ ಪಡೆಯಬಹುದು. ಚರ್ಮವನ್ನು ಒಣಗದಂತೆ ಕಾಪಾಡುವ ಕ್ರೀಮುಗಳಲ್ಲಿ, ಅಲರ್ಜಿಗೆ ಬಳಸುವ ಮೂಗಿನ ಸ್ಪ್ರೇಗಳಲ್ಲಿ ಈ ಎಕ್ಟೋಯಿನ್ ಇರುತ್ತದೆ.